ಹಳೆಯ ಟಾರ್ಕ್ ರೆಂಚ್: ಕೊಳ್ಳುವಾಗ ಏನು ನೋಡಬೇಕು, ಕೊಂಡ ಮೇಲೆ ಹೇಗೆ ಪರೀಕ್ಷಿಸಬೇಕು

ಟಾರ್ಕ್ ರೆಂಚ್ ನೋಡಲು ಪಾನಾ, ಕೆಲಸದಲ್ಲಿ ತಕ್ಕಡಿ: ಬೋಲ್ಟನ್ನು ತಿರುಗಿಸಿ ಎಷ್ಟು ಬಿಗಿ ಮಾಡುತ್ತಿದ್ದೇವೆ (ಅದೇ ಟಾರ್ಕ್) ಎಂದು ಅಳೆದು ಹೇಳುತ್ತದೆ. ಹಳೆಯ ಪಾನಾ ಕೊಳ್ಳುವಾಗ ಬಾಯಿ ಸವೆದಿದೆಯೇ, ಸೀಳು ಬಿಟ್ಟಿದೆಯೇ ಎಂದು ನೋಡಿದರೆ ಸಾಕು. ಟಾರ್ಕ್ ರೆಂಚ್‌ನ ಗುಣ ಹೊರಗಿನಿಂದ ಪೂರ್ತಿ ಕಾಣುವುದಿಲ್ಲ. ಪೆಟ್ಟಿಗೆಯಿಂದ ಈಗಷ್ಟೇ ತೆಗೆದಂತಿರುವ ರೆಂಚ್ ಶೇ 20ರಷ್ಟು ತಪ್ಪು ತೋರಿಸಬಹುದು. ಮೈಯೆಲ್ಲ ಗೀರು ಬಿದ್ದದ್ದು ಇನ್ನೂ ಹತ್ತು ವರ್ಷ ಸರಿಯಾಗಿ ನಡೆಯಬಹುದು. ಆದ್ದರಿಂದ ಹಳೆಯದನ್ನು ಕೈಗೆತ್ತಿಕೊಂಡಾಗ ಮೊದಲು ಕೇಳಬೇಕಾದ್ದು ಅದು ಪ್ರತಿ ಸಲವೂ ಒಂದೇ ಉತ್ತರ ಕೊಡುತ್ತದೆಯೇ ಎಂದು. ಉತ್ತರ ಸರಿಯೋ ತಪ್ಪೋ ಎಂಬುದು ಎರಡನೆಯ ಪ್ರಶ್ನೆ. ಯಾವಾಗಲೂ ಮೂರು ನ್ಯೂಟನ್ ಮೀಟರ್ (ಟಾರ್ಕ್ ಅಳೆಯುವ ಏಕಮಾನ) ಹೆಚ್ಚು ಬಿಗಿ ಮಾಡುವ ರೆಂಚ್‌ನಲ್ಲಿ ಆ ಮೂರನ್ನು ಕಳೆದು ಕೆಲಸ ಮಾಡಬಹುದು. ಒಮ್ಮೆ ಮೂರು ಹೆಚ್ಚು, ಒಮ್ಮೆ ನಾಲ್ಕು ಕಡಿಮೆ ಮಾಡುವುದರಿಂದ ಏನೂ ಪ್ರಯೋಜನವಿಲ್ಲ.

ಯಾವ ಜಾತಿಯದು ಎಂದು ಮೊದಲು ಗುರುತಿಸಿ

ಹಳೆಯ ಸಾಮಾನಿನ ನಡುವೆ ಸಿಗುವವು ಹೆಚ್ಚಾಗಿ ಮೂರು ಬಗೆ. ಬೀಮ್ ರೆಂಚ್‌ನಲ್ಲಿ ಒಂದು ಉದ್ದ ಉಕ್ಕಿನ ಸರಳು, ಅದರ ಪಕ್ಕದಲ್ಲೇ ತಲೆಯಿಂದ ಹೊರಟ ತೆಳ್ಳನೆಯ ಮುಳ್ಳು, ಹಿಡಿಯ ಹತ್ತಿರ ಅಂಕಿಗಳ ಪಟ್ಟಿ ಇರುತ್ತವೆ. ಎಳೆದಾಗ ಸರಳು ಬಾಗುತ್ತದೆ, ಮುಳ್ಳು ಬಾಗುವುದಿಲ್ಲ. ಎರಡರ ನಡುವಿನ ಅಂತರವೇ ಅಳತೆ. ಡಯಲ್ ರೆಂಚ್‌ನಲ್ಲಿ ಬಾಗುವ ಇಲ್ಲವೇ ತಿರುಚಿಕೊಳ್ಳುವ ಉಕ್ಕು ಒಳಗೆ ಅಡಗಿದ್ದು, ಗಡಿಯಾರದಂಥ ಮುಖದ ಮೇಲೆ ಮುಳ್ಳು ತಿರುಗುತ್ತದೆ. ಕ್ಲಿಕ್ ರೆಂಚ್‌ನಲ್ಲಿ ಹಿಡಿ ತಿರುಗಿಸಿ ಬೇಕಾದ ಅಂಕಿಗೆ ಇಟ್ಟುಕೊಳ್ಳುತ್ತೇವೆ. ಅಷ್ಟು ಬಿಗಿಯಾದೊಡನೆ ಒಳಗಿನ ಸ್ಪ್ರಿಂಗ್ ಹಿಡಿದಿದ್ದ ಸಣ್ಣ ಕಟ್ಟೆ ಮಗುಚಿ, ಕೈಗೆ ತಟ್ಟುವಂಥ 'ಕಟ್' ಎಂಬ ಸದ್ದು ಬರುತ್ತದೆ.

ಹಳೆಯದನ್ನೇ ಕೊಳ್ಳುವುದಾದರೆ ಬೀಮ್ ರೆಂಚ್ ಎಲ್ಲಕ್ಕಿಂತ ನಂಬಿಕೆಯದು, ಇದನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆ. ಅದರ ಅಳತೆ ನಿಂತಿರುವುದು ಉಕ್ಕಿನ ಸ್ಥಿತಿಸ್ಥಾಪಕತೆ ಮತ್ತು ಸರಳಿನ ದಪ್ಪ, ಉದ್ದಗಳ ಮೇಲೆ. ಐವತ್ತು ವರ್ಷ ಗೋಡೆಗೆ ತೂಗುಹಾಕಿದ್ದರೂ ಇವು ಬದಲಾಗುವುದಿಲ್ಲ. ಒಣಗಲು ಗ್ರೀಸ್ ಇಲ್ಲ, ಸೋಲಲು ಸ್ಪ್ರಿಂಗ್ ಇಲ್ಲ. ಎಡಕ್ಕೂ ಬಲಕ್ಕೂ ಒಂದೇ ರೀತಿ ಅಳೆಯುತ್ತದೆ. ಮುಳ್ಳು ಸೊನ್ನೆಯ ಮೇಲೆ ಇಲ್ಲದಿದ್ದರೆ ಬಹುಪಾಲು ಅದು ಎಲ್ಲೋ ತಗುಲಿ ಬಾಗಿರುತ್ತದೆ ಅಷ್ಟೆ. ಬೆರಳಿನಲ್ಲಿ ಮೆಲ್ಲಗೆ ಬಾಗಿಸಿ ಸೊನ್ನೆಗೆ ತಂದರೆ ಮುಗಿಯಿತು. ಮುಳ್ಳಿನ ತುದಿ ಪಟ್ಟಿಗೆ ಉಜ್ಜುತ್ತಿದ್ದರೆ ಒಂದು ಕಾಗದದ ದಪ್ಪದಷ್ಟು ಮೇಲೆತ್ತಿ. ಸರಳೇ ಬಾಗಿದ್ದರೆ ಮಾತ್ರ ಕೊಳ್ಳಬೇಡಿ. ಪತ್ತೆಹಚ್ಚಲು ಸರಳಿನ ಉದ್ದಕ್ಕೂ ಒಂದು ಉಕ್ಕಿನ ಸ್ಕೇಲ್ ಇಟ್ಟು ಬೆಳಕಿಗೆ ಹಿಡಿದು ನೋಡಿ.

ಬೀಮ್ ರೆಂಚ್‌ನ ಹಿಡಿ ಮಧ್ಯದಲ್ಲಿ ಒಂದು ಪಿನ್ ಮೇಲೆ ತೂಗಾಡುವಂತಿದ್ದರೆ ಅದು ಸಡಿಲವಾದದ್ದಲ್ಲ, ಹಾಗೆಯೇ ಮಾಡಿದ್ದು. ನಾವು ಎಳೆಯುವ ಬಲ ಆ ಪಿನ್ನಿನ ಜಾಗದಲ್ಲೇ ಬೀಳಬೇಕು ಎಂಬುದು ಉದ್ದೇಶ. ಎಳೆಯುವಾಗ ಹಿಡಿಯ ಎರಡು ತುದಿಗಳೂ ಸರಳಿಗೆ ತಾಗದಂತೆ ತೇಲುತ್ತಿರಬೇಕು. ಒಂದು ತುದಿ ತಾಗಿದರೆ ಓದು ತಪ್ಪುತ್ತದೆ. ಹಿಂದಿನವರು ಆ ಪಿನ್ನನ್ನು ಬೆಸುಗೆ ಹಾಕಿಯೋ ಟೇಪ್ ಸುತ್ತಿಯೋ ಗಟ್ಟಿ ಮಾಡಿದ್ದರೆ ಬಿಡಿಸಿ ಮೊದಲಿನಂತೆ ಮಾಡಿಕೊಳ್ಳಬೇಕು. ಇದರ ಒಂದೇ ಕಷ್ಟವೆಂದರೆ ಪಟ್ಟಿಯನ್ನು ನೇರ ಮೇಲಿನಿಂದ ಓದಬೇಕು. ಓರೆಯಾಗಿ ನೋಡಿದರೆ ಒಂದು ಗೆರೆ ಅತ್ತಿತ್ತ ಆಗುತ್ತದೆ, ಎಂಜಿನ್ನಿನ ಸಂದಿಯಲ್ಲಿ ತಲೆ ತೂರಿಸಲು ಆಗುವುದೂ ಇಲ್ಲ.

ಡಯಲ್ ರೆಂಚ್ ಕೊಳ್ಳುವಾಗ ಮುಳ್ಳನ್ನು ಸೊನ್ನೆಗೆ ತಂದು, ಕೈಯಲ್ಲೇ ಸ್ವಲ್ಪ ಬಲ ಕೊಟ್ಟು ಬಿಡಿ. ಪ್ರತಿ ಸಲವೂ ಸೊನ್ನೆಗೇ ಮರಳಬೇಕು. ಅರ್ಧ ಗೆರೆ ಹಿಂದೆ ನಿಂತು, ಬೆರಳಿನಿಂದ ತಟ್ಟಿದ ಮೇಲೆ ಸೊನ್ನೆಗೆ ಬಂದರೆ ಒಳಗೆ ಹಲ್ಲುಗಳಲ್ಲಿ ಕೊಳೆ ಅಥವಾ ಸವಕಳಿ ಇದೆ. ಬ್ಯಾಟರಿಯ ಎಲೆಕ್ಟ್ರಾನಿಕ್ ರೆಂಚ್ ಹಳೆಯದಾದರೆ ಬ್ಯಾಟರಿ ಗೂಡಿನಲ್ಲಿ ಹಸಿರು ಪುಡಿ ಕಂಡಲ್ಲಿಗೆ ವಿಚಾರ ಮುಗಿಸುವುದು ಒಳ್ಳೆಯದು.

ಕ್ಲಿಕ್ ರೆಂಚ್: ಮೋಸ ಹೋಗುವುದು ಇಲ್ಲೇ

ಹೆಚ್ಚಿನವರು ಕೊಳ್ಳುವುದು ಇದನ್ನೇ. ಒಳಗೆ ಒಂದು ದಪ್ಪ ಸ್ಪ್ರಿಂಗ್, ಅದು ಒತ್ತುವ ಕಟ್ಟೆ, ತಲೆಯಿಂದ ಒಳಕ್ಕೆ ಬರುವ ತೋಳು, ಎಲ್ಲಕ್ಕೂ ತೆಳುವಾಗಿ ಗ್ರೀಸ್. ಕೆಡುವ ಬಗೆ ಎರಡು, ಎರಡರ ಪರಿಣಾಮವೂ ವಿರುದ್ಧ ದಿಕ್ಕಿನದು. ಹಿಡಿಯನ್ನು ದೊಡ್ಡ ಅಂಕಿಗೆ ತಿರುಗಿಸಿಟ್ಟು ವರ್ಷಗಟ್ಟಲೆ ಹಾಗೆಯೇ ಬಿಟ್ಟರೆ ಸ್ಪ್ರಿಂಗ್ ಸೋತು ಗಿಡ್ಡವಾಗುತ್ತದೆ. ಆಗ ಬೇಗ ಕ್ಲಿಕ್ ಆಗಿ ಬೋಲ್ಟ್ ಸಡಿಲ ಉಳಿಯುತ್ತದೆ. ಗ್ರೀಸ್ ಒಣಗಿ ಅಂಟಾದರೆ ಕಟ್ಟೆ ಮಗುಚಲು ತಡವಾಗಿ ಬೋಲ್ಟ್ ಅಗತ್ಯಕ್ಕಿಂತ ಹೆಚ್ಚು ಬಿಗಿಯಾಗುತ್ತದೆ. ಮೊದಲ ಕೆಲವು ಕ್ಲಿಕ್‌ಗಳಲ್ಲಿ ಇದು ಎದ್ದು ಕಾಣುತ್ತದೆ.

ಅದಕ್ಕೇ ಮಾರುವವರ ಕೈಯಿಂದ ತೆಗೆದುಕೊಂಡ ಕೂಡಲೇ ಹಿಡಿ ಎಲ್ಲಿಗೆ ತಿರುಗಿದೆ ಎಂದು ನೋಡಿ. ಅತಿ ಕಡಿಮೆ ಅಂಕಿಯಲ್ಲಿದ್ದರೆ ಹಿಂದಿನ ಯಜಮಾನರಿಗೆ ಅದನ್ನು ಇಡುವ ರೀತಿ ಗೊತ್ತಿತ್ತು ಎಂದರ್ಥ. ಮುಕ್ಕಾಲು ಭಾಗದಲ್ಲೋ ಮೇಲಿನ ತುದಿಯಲ್ಲೋ ಇದ್ದರೆ, ಪರೀಕ್ಷಿಸದೆ ಒಂದು ಬೋಲ್ಟನ್ನೂ ಮುಟ್ಟಬೇಡಿ. ಆಮೇಲೆ ಹಿಡಿಯನ್ನು ಕೆಳಗಿನ ತುದಿಯಿಂದ ಮೇಲಿನವರೆಗೆ ತಿರುಗಿಸಿ. ತಿರುಗಾಟ ಒಂದೇ ಸಮನೆ ಗಟ್ಟಿಯಾಗುತ್ತ ಹೋಗಬೇಕು. ನಡುವೆ ಕರಕರ ಎಂದರೆ, ಇದ್ದಕ್ಕಿದ್ದಂತೆ ಸಡಿಲವಾದರೆ ಬೇಡ. ಉದ್ದದ ಪಟ್ಟಿಯಲ್ಲಿ ಯಾವುದಾದರೂ ಅಂಕಿಯ ಗೆರೆಗೆ ಹಿಡಿಯ ಅಂಚು ಬಂದಾಗ, ಹಿಡಿಯ ಸುತ್ತಿನ ಸಣ್ಣ ಅಂಕಿಗಳಲ್ಲಿ ಸೊನ್ನೆ ನೇರಕ್ಕೆ ನಿಲ್ಲಬೇಕು. ಸೊನ್ನೆ ಕಾಲು ಸುತ್ತು ಆಚೆ ಇದ್ದರೆ ಯಾರೋ ಬಿಚ್ಚಿ ಸೇರಿಸಿದ್ದಾರೆ. ಬೀಗದ ಉಂಗುರ ಅಥವಾ ತುದಿಯ ಗುಬುಟು ಬಿಗಿಮಾಡಿದ ಮೇಲೆ ಹಿಡಿ ಮಿಸುಕಬಾರದು.

ಹಿಡಿಯ ಮೇಲೆ ಅಥವಾ ಕೊಳವೆಯ ಮೇಲೆ ಸುತ್ತಲೂ ಅರ್ಧಚಂದ್ರದಂಥ ಗುರುತು ಬಿದ್ದಿದ್ದರೆ ಅದಕ್ಕೆ ಪೈಪ್ ತೂರಿಸಿ ಜಗ್ಗಿದ್ದಾರೆ. ಅಂಥದ್ದನ್ನು ಅಲ್ಲೇ ಬಿಟ್ಟುಬಿಡಿ. ತಲೆಯಲ್ಲಿ ಸಾಕೆಟ್ ಕೂರುವ ಚೌಕದ ಅಂಚುಗಳು ತಿರುಚಿಕೊಂಡಿದ್ದರೂ ಅದೇ ಕಥೆ: ಟಾರ್ಕ್ ರೆಂಚ್‌ನಿಂದ ತುಕ್ಕು ಹಿಡಿದ ಬೋಲ್ಟ್ ಬಿಚ್ಚಲು ಹೋಗಿದ್ದಾರೆ. ಸಾಕೆಟ್ ಹಿಡಿಯುವ ಸಣ್ಣ ಗುಂಡು ಬಿದ್ದುಹೋಗಿರುವುದು ದೊಡ್ಡ ದೋಷವಲ್ಲ. ರ್ಯಾಚೆಟ್ (ಒಂದೇ ದಿಕ್ಕಿಗೆ ಕಚ್ಚಿ ಹಿಡಿಯುವ ಹಲ್ಲುಚಕ್ರ) ಸವೆದಿರುವುದು ದೊಡ್ಡದೇ: ಚೌಕವನ್ನು ಬೆರಳಲ್ಲಿ ಹಿಡಿದು ಒಂದೊಂದೇ ಹಲ್ಲು ತಿರುಗಿಸುತ್ತ ಪೂರ್ತಿ ಒಂದು ಸುತ್ತು ಬನ್ನಿ, ಎಲ್ಲಾದರೂ ಜಾರಿದರೆ ಅಲ್ಲಿ ಹಲ್ಲು ಇಲ್ಲ. ಬಲ ಹಾಕಿದಾಗ ಜಾರಿದರೆ ಬೆರಳ ಗೆಣ್ಣು ಒಡೆಯುತ್ತದೆ. ಹೆಸರಾಂತ ಕಂಪನಿಗಳ ರೆಂಚ್‌ಗಳಿಗೆ ರ್ಯಾಚೆಟ್ ಬಿಡಿಭಾಗ ಬೇರೆಯಾಗಿ ಸಿಗುವುದುಂಟು. ಅದು ಸಿಗುತ್ತದೆಯೇ ಎಂದು ಕೊಳ್ಳುವ ಮೊದಲೇ ವಿಚಾರಿಸಿ.

ಕ್ಲಿಕ್ ಕೊಟ್ಟರೂ ಒಳಗೆ ಬೇರೆ ರಚನೆ ಇರುವ ರೆಂಚ್‌ಗಳಿವೆ. ಸ್ಟಾಲ್‌ವಿಲೆ ಕಂಪನಿಯ ಮನೋಸ್ಕೋಪ್ ಸಾಲಿನವುಗಳಲ್ಲಿ ಸುರುಳಿ ಸ್ಪ್ರಿಂಗ್ ಬದಲು ಬಾಗುವ ಉಕ್ಕಿನ ಕಡ್ಡಿ ಇದೆ. ಕೆಲಸವಿಲ್ಲದಾಗ ಅದರ ಮೇಲೆ ಒತ್ತಡ ಇರುವುದಿಲ್ಲ, ಹಾಗಾಗಿ ಅತಿ ಕಡಿಮೆ ಅಂಕಿಗೆ ಇಳಿಸಿಡುವ ಅಗತ್ಯವೂ ಇಲ್ಲ. ಸ್ಪ್ಲಿಟ್ ಬೀಮ್ ರೆಂಚ್‌ಗಳದೂ ಇದೇ ಗುಣ: ಹಿಡಿ ತಿರುಗಿಸುವ ಬದಲು ಪಕ್ಕದ ಗುಬುಟು ತಿರುಗಿಸಿ ಕಿಟಕಿಯಲ್ಲಿ ಅಂಕಿ ನೋಡುವಂತಿದ್ದರೆ ಅದು ಈ ಬಗೆಯದಿರಬಹುದು. ಹಳೆಯದಾಗಿ ಸಿಕ್ಕರೆ ಸಾಮಾನ್ಯ ಕ್ಲಿಕ್ ರೆಂಚ್‌ಗಿಂತ ಇವು ಮೇಲು.

ಅಂಕಿ ಓದುವ ಮೊದಲು ಏಕಮಾನ ಓದಿ

ಹಳೆಯ ರೆಂಚ್‌ನಿಂದ ಮುರಿದ ಬೋಲ್ಟ್‌ಗಳ ಹಿಂದೆ ಬಹಳ ಸಲ ಇರುವುದು ಏಕಮಾನದ ಗೊಂದಲ. 1 ಫುಟ್ ಪೌಂಡ್ ಎಂದರೆ 1.356 ನ್ಯೂಟನ್ ಮೀಟರ್. ಕೈಪಿಡಿಯಲ್ಲಿ 50 ನ್ಯೂಟನ್ ಮೀಟರ್ ಎಂದಿದ್ದು, ನೀವು ಫುಟ್ ಪೌಂಡ್ ಪಟ್ಟಿಯಲ್ಲಿ 50ಕ್ಕೆ ಇಟ್ಟರೆ ಬೋಲ್ಟ್‌ಗೆ ಬೀಳುವುದು 68. ಇಂಚ್ ಪೌಂಡ್ ಇನ್ನೂ ಅಪಾಯ: 12 ಇಂಚ್ ಪೌಂಡ್ ಸೇರಿದರೆ 1 ಫುಟ್ ಪೌಂಡ್. ಹಳೆಯ ರೆಂಚ್‌ಗಳಲ್ಲಿ ಕೆಜಿ ಮೀಟರ್ ಪಟ್ಟಿಯೂ ಇರುತ್ತದೆ. 1 ಕೆಜಿ ಮೀಟರ್ ಎಂದರೆ 9.81 ನ್ಯೂಟನ್ ಮೀಟರ್, ಸರಿಸುಮಾರು ಹತ್ತು. ಹಳೆಯ ಯುರೋಪಿಯನ್ ರೆಂಚ್‌ಗಳಲ್ಲಿ ಕಾಣುವ 'ಕಿಲೋಪಾಂಡ್ ಮೀಟರ್' ಕೂಡ ಇದೇ. ನಿಮ್ಮ ರೆಂಚ್ ಒಂದೇ ಏಕಮಾನದ್ದಾದರೆ, ಹೆಚ್ಚು ಬಳಸುವ ಏಳೆಂಟು ಬೆಲೆಗಳನ್ನು ಬದಲಿಸಿ ಬರೆದ ಚೀಟಿಯನ್ನು ಪೆಟ್ಟಿಗೆಯ ಮುಚ್ಚಳಕ್ಕೆ ಅಂಟಿಸಿ. ಬಗ್ಗಿ ಕೆಲಸ ಮಾಡುತ್ತ ಮನಸ್ಸಿನಲ್ಲೇ ಗುಣಿಸುವಾಗ ತಪ್ಪುತ್ತೇವೆ.

ಎಷ್ಟರಿಂದ ಎಷ್ಟರವರೆಗಿನ ರೆಂಚ್ ಬೇಕು ಎಂಬುದಕ್ಕೆ ಒಂದೇ ಸೂತ್ರ: ನೀವು ಹೆಚ್ಚು ಬಳಸುವ ಬೆಲೆ ಪಟ್ಟಿಯ ನಡುಭಾಗದಲ್ಲಿ ಬರಲಿ. ಮೇಲಿನ ಮಿತಿಯ ಶೇ 20ಕ್ಕಿಂತ ಕೆಳಗೆ ಯಾವ ರೆಂಚನ್ನೂ ನಂಬಬೇಡಿ, ಅಲ್ಲಿ ಅಂಕಿ ಬರೆದಿದ್ದರೂ ಸರಿ. ಕಾರಿನ ಚಕ್ರದ ನಟ್‌ಗಳಿಗೆ ಅರ್ಧ ಇಂಚಿನ ಚೌಕದ 40ರಿಂದ 200 ನ್ಯೂಟನ್ ಮೀಟರ್‌ನದು ಹೊಂದುತ್ತದೆ. ಅದರಿಂದಲೇ ಮೋಟಾರ್ ಸೈಕಲ್ಲಿನ 10 ನ್ಯೂಟನ್ ಮೀಟರ್ ಬೋಲ್ಟ್ ಬಿಗಿ ಮಾಡಲು ಹೋದರೆ ಅಲ್ಯೂಮಿನಿಯಂನ ಥ್ರೆಡ್ ಕಿತ್ತು ಬರುತ್ತದೆ.

ಬಕೆಟ್, ನೀರು, ವೈಸ್

ಮನೆಯಲ್ಲೇ ಪರೀಕ್ಷೆ ಮಾಡಬಹುದು. ಟಾರ್ಕ್ ಎಂದರೆ ಬಲವನ್ನು ದೂರದಿಂದ ಗುಣಿಸಿದ್ದು; ತೂಕ ಗೊತ್ತಿದ್ದು ದೂರ ಅಳೆಯಲು ಬಂದರೆ ಸಾಕು. ಬೇಕಾದ್ದು ಗಟ್ಟಿಯಾಗಿ ಕೂರಿಸಿದ ವೈಸ್ (ವಸ್ತುವನ್ನು ಕಚ್ಚಿ ಹಿಡಿಯುವ ಕಬ್ಬಿಣದ ಇಕ್ಕಳ), ಒಂದು ಬಕೆಟ್, ಹಗ್ಗ, ಟೇಪ್, ನಂಬಬಹುದಾದ ತೂಕದ ಯಂತ್ರ.

ಕ್ಲಿಕ್ ರೆಂಚ್ ಆದರೆ ಮೊದಲು ಪಟ್ಟಿಯ ಮಧ್ಯದ ಅಂಕಿಗೆ ಇಟ್ಟು ಎಂಟು ಹತ್ತು ಸಲ ಕ್ಲಿಕ್ ಮಾಡಿ, ಒಳಗಿನ ಗ್ರೀಸ್ ಹರಡಲಿ. ಚೌಕವನ್ನು ಅಲ್ಯೂಮಿನಿಯಂ ತುಂಡುಗಳ ನಡುವೆ ವೈಸ್‌ಗೆ ಕಚ್ಚಿಸಿ. ತಲೆಯ ಬೆನ್ನು ನಿಮ್ಮ ಕಡೆಗಿರಲಿ, ಹಿಡಿ ಬಲಕ್ಕೆ ಚಾಚಿಕೊಂಡು ಮಟ್ಟಸವಾಗಿರಲಿ. ಆಗ ಕೆಳಕ್ಕೆ ಬೀಳುವ ತೂಕ ಬಿಗಿ ಮಾಡುವ ದಿಕ್ಕಿಗೇ ಎಳೆಯುತ್ತದೆ. ಐದು ಡಿಗ್ರಿ ಓರೆಯಾದರೆ ಲೆಕ್ಕದಲ್ಲಿ ಅರ್ಧ ಶೇಕಡಾ ಕೂಡ ವ್ಯತ್ಯಾಸವಾಗದು, ಹತ್ತು ಡಿಗ್ರಿಯಾದರೆ ಒಂದೂವರೆ ಆಗುತ್ತದೆ. ಹಿಡಿಯ ಮೇಲೆ ಕೈ ಹಿಡಿಯಬೇಕಾದ ಜಾಗಕ್ಕೆ ಗೆರೆ ಇದ್ದರೆ ಅಲ್ಲಿ, ಇಲ್ಲದಿದ್ದರೆ ಹಿಡಿಯ ನಟ್ಟನಡುವೆ ಹಗ್ಗ ಕಟ್ಟಿ. ಚೌಕದ ಮಧ್ಯದಿಂದ ಹಗ್ಗದವರೆಗಿನ ದೂರ ಅಳೆಯಿರಿ.

ರೆಂಚ್‌ನ ಸ್ವಂತ ಭಾರವೂ ಲೆಕ್ಕಕ್ಕೆ ಬರುತ್ತದೆ. ಇದನ್ನು ಬಿಟ್ಟು ರೆಂಚ್ ಕೆಟ್ಟಿದೆ ಎಂದುಕೊಂಡವರು ಬಹಳ. ಅದನ್ನು ಒಂದು ಬೆರಳ ಮೇಲೆ ಸಮತೂಕಕ್ಕೆ ತಂದು, ಆ ಬಿಂದು ಚೌಕದಿಂದ ಎಷ್ಟು ದೂರ ಎಂದು ನೋಡಿ. 1.4 ಕೆಜಿ ತೂಗುವ ರೆಂಚ್‌ಗೆ ಆ ದೂರ 22 ಸೆಂ.ಮೀ. ಆದರೆ 1.4 × 9.81 × 0.22, ಅಂದರೆ ಸುಮಾರು 3 ನ್ಯೂಟನ್ ಮೀಟರ್ ಆಗಲೇ ಬಿದ್ದಿದೆ. ಹಗ್ಗ 40 ಸೆಂ.ಮೀ. ದೂರದಲ್ಲಿದ್ದು ರೆಂಚ್ 60ಕ್ಕೆ ಇಟ್ಟಿದ್ದರೆ, ಉಳಿದ 57ನ್ನು 9.81 × 0.40 = 3.924ರಿಂದ ಭಾಗಿಸಿ. ಬಕೆಟ್, ಹಗ್ಗ, ನೀರು ಎಲ್ಲ ಸೇರಿ 14.5 ಕೆಜಿ ಆದಾಗ ಕ್ಲಿಕ್ ಬರಬೇಕು.

ಬಕೆಟ್ ನೆಲದ ಮೇಲಿಟ್ಟ ಹಲಗೆಯಿಂದ ಎರಡು ಮೂರು ಸೆಂ.ಮೀ. ಮೇಲೆ ತೂಗಲಿ, ಕಾಲು ಅದರ ಕೆಳಗೆ ಬೇಡ. ಮೊದಲು 12 ಲೀಟರ್‌ವರೆಗೆ ಚೊಂಬಿನಲ್ಲಿ ಸುರಿಯಿರಿ. ಅಲ್ಲಿಂದ ಮುಂದೆ ಅವಸರವಿಲ್ಲದೆ, ಬಕೆಟ್ ತೂಗಾಡದಂತೆ, ಸಣ್ಣ ಧಾರೆಯಲ್ಲಿ ಬಿಡುತ್ತ ಬನ್ನಿ. ಹಿಡಿ ಇದ್ದಲ್ಲೇ ಇರುತ್ತದೆ, ಇರುತ್ತದೆ, ಆಮೇಲೆ ಒಂದೇ ಏಟಿಗೆ 'ಕಟ್' ಎಂದು ತಗ್ಗಿ ಬಕೆಟ್ ಹಲಗೆಯ ಕಡೆಗೆ ಇಳಿಯುತ್ತದೆ. ಧಾರೆ ನಿಲ್ಲಿಸಿ, ಬಕೆಟ್ ಕಳಚಿ ತೂಗಿ, ಬರೆದಿಡಿ. ಒಂದೆರಡು ಲೀಟರ್ ತೆಗೆದು ಮತ್ತೆ ಮೊದಲಿನಿಂದ. ಹೀಗೆ ಐದು ಸಲ.

ಐದು ತೂಕ 15.2, 15.3, 15.2, 15.3, 15.2 ಎಂದು ಬಂದವು ಎಂದುಕೊಳ್ಳಿ. ರೆಂಚ್ 60 ಎನ್ನುತ್ತಿದ್ದಾಗ ನಿಜವಾಗಿ ಬೀಳುತ್ತಿರುವುದು 62.8, ತಪ್ಪು ಇದೆ, ಆದರೆ ಪ್ರತಿ ಸಲವೂ ಅದೇ ತಪ್ಪು. 57ಕ್ಕೆ ಇಟ್ಟರೆ 60 ಬೀಳುತ್ತದೆ. ಇನ್ನೊಂದು ರೆಂಚ್‌ನಲ್ಲಿ 13.4, 15.1, 14.3, 15.6, 14.1 ಬಂತು. ಸರಾಸರಿ ಹಿಡಿದರೆ ಕರಾರುವಾಕ್ಕಾಗಿ 14.5! ಆದರೂ ಕೊಳ್ಳಬಾರದ್ದು, ಬಳಸಬಾರದ್ದು ಇದೇ. ಒಳಗೆ ಕಟ್ಟೆಯ ಅಂಚು ಸವೆದಿದೆ ಅಥವಾ ಗ್ರೀಸ್ ಹೋಗಿ ಉಕ್ಕಿಗೆ ಉಕ್ಕು ಉಜ್ಜುತ್ತಿದೆ. ಯಾವ ಸ್ಕ್ರೂ ತಿರುಗಿಸಿದರೂ ಅದು ಸರಿಹೋಗದು.

ಇದೇ ಪರೀಕ್ಷೆಯನ್ನು ಕೆಳಗಿನ ಒಂದು ಅಂಕಿಯಲ್ಲೂ ಮಾಡಿ, ಯಾಕೆಂದರೆ ತಪ್ಪಿನ ಸ್ವಭಾವ ಅಲ್ಲಿ ಗೊತ್ತಾಗುತ್ತದೆ. 40ರಲ್ಲೂ 60ರಲ್ಲೂ ಅಷ್ಟೇ 3 ಹೆಚ್ಚು ಬಂದರೆ ಸ್ಪ್ರಿಂಗ್‌ನ ಮೊದಲ ಒತ್ತಡ ಮಾತ್ರ ಸರಿದಿದೆ. ಹಿಡಿಯ ತುದಿಯೊಳಗಿನ ಹೊಂದಾಣಿಕೆ ಸ್ಕ್ರೂನಿಂದ ಸರಿಪಡಿಸಬಹುದು. ಕಾಲು ಸುತ್ತಿಗಿಂತ ಕಡಿಮೆ ತಿರುಗಿಸಿ, ಮತ್ತೆ ಬಕೆಟ್ ಕಟ್ಟಿ. 40ರಲ್ಲಿ 2, 60ರಲ್ಲಿ 3, 80ರಲ್ಲಿ 4 ಎಂದು ಅಂಕಿಯ ಜೊತೆ ತಪ್ಪೂ ಬೆಳೆದರೆ ಸ್ಪ್ರಿಂಗ್‌ನ ಗಟ್ಟಿತನವೋ ತೋಳಿನ ಅಳತೆಯೋ ಬದಲಾಗಿದೆ. ಸ್ಕ್ರೂ ಮುಟ್ಟದೆ, ತಿದ್ದುಪಡಿ ಬರೆದಿಟ್ಟುಕೊಂಡು ಬಳಸುವುದೇ ದಾರಿ. ದೊಡ್ಡ ರೆಂಚ್‌ನ ಮೇಲಿನ ತುದಿಗೆ 50 ಕೆಜಿಯಷ್ಟು ತೂಗುಹಾಕಬೇಕಾಗುತ್ತದೆ, ಅದನ್ನು ಮನೆಯಲ್ಲಿ ಮಾಡಬೇಡಿ. ಅಳತೆ ಪ್ರಯೋಗಾಲಯಕ್ಕೆ ಕೊಟ್ಟರೆ ಐಎಸ್‌ಒ 6789 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಮೇಲಿನ ಮಿತಿಯ ಶೇ 20, 60, 100ರ ಮೂರು ಹಂತಗಳಲ್ಲಿ ನೋಡಿಕೊಡುತ್ತಾರೆ. ಮೇಲಿನ ಮಿತಿ 10 ನ್ಯೂಟನ್ ಮೀಟರ್ ದಾಟಿದ ಕ್ಲಿಕ್ ರೆಂಚ್‌ಗೆ ಆ ಮಾನದಂಡ ಒಪ್ಪುವ ತಪ್ಪು ಶೇ 4, ಅದಕ್ಕಿಂತ ಚಿಕ್ಕದಕ್ಕೆ ಶೇ 6. ಮತ್ತೆ ನೋಡಿಸಬೇಕಾದ್ದು 12 ತಿಂಗಳಿಗೆ ಅಥವಾ 5000 ಸಲ ಬಳಸಿದ ಮೇಲೆ, ಯಾವುದು ಮೊದಲೋ ಅದು. ಬ್ರೇಕ್, ಸ್ಟೀರಿಂಗ್, ಎಂಜಿನ್ ಒಳಭಾಗದ ಬೋಲ್ಟ್‌ಗಳಿಗೆ ಬಳಸುವುದಿದ್ದರೆ ಬಕೆಟ್ ಪರೀಕ್ಷೆಯಲ್ಲಿ ಪಾಸಾದರೂ ಒಮ್ಮೆ ಪ್ರಯೋಗಾಲಯಕ್ಕೆ ಕೊಡಿ.

ಬಿಚ್ಚುವ ಆಸೆ ಬಂದರೆ ಹಿಡಿಯನ್ನು ಮೊದಲು ಅತಿ ಕಡಿಮೆ ಅಂಕಿಗೆ ಇಳಿಸಿ. ಆಗಲೂ ಸ್ಪ್ರಿಂಗ್‌ನಲ್ಲಿ ಒತ್ತಡ ಉಳಿದಿರುತ್ತದೆ. ತುಕ್ಕು ಬಿಡಿಸುವ ಎಣ್ಣೆಯನ್ನು ಕೊಳವೆಯೊಳಗೆ ಎಂದಿಗೂ ಹೊಡೆಯಬೇಡಿ. ಅದು ಕಟ್ಟೆಯ ಗ್ರೀಸನ್ನು ತೊಳೆದು ಹಾಕುತ್ತದೆ, ಅಲ್ಲಿಯವರೆಗೆ ಸರಿಯಿದ್ದ ರೆಂಚ್ ಅಂದಿನಿಂದ ಕೆಡುತ್ತದೆ. ರ್ಯಾಚೆಟ್‌ಗೆ ಒಂದು ಹನಿ ತೆಳು ಎಣ್ಣೆ ಸಾಕು.

ಬೋಲ್ಟ್ ಮೇಲೆ

ಕೈ ಹಿಡಿಯ ನಡುವೆ ಇರಲಿ. ಕ್ಲಿಕ್ ರೆಂಚ್‌ಗೆ ಕೈ ಎಲ್ಲಿದ್ದರೂ ನಡೆಯುತ್ತದೆ ಎಂಬ ಮಾತು ಪೂರ್ತಿ ನಿಜವಲ್ಲ: ಒಳಗಿನ ತೋಳು ತಿರುಗುವ ಪಿನ್ ಚೌಕದ ಮಧ್ಯದಲ್ಲಿಲ್ಲ, ಸ್ವಲ್ಪ ಹಿಂದಿದೆ. ಹಾಗಾಗಿ ಕೈ ತಲೆಯ ಹತ್ತಿರ ಸರಿದಷ್ಟೂ ಕ್ಲಿಕ್ ಬರುವ ಟಾರ್ಕ್ ಬದಲಾಗುತ್ತದೆ. ಒಂದೇ ಸಮನೆ, ಜರ್ಕ್ ಇಲ್ಲದೆ ಎಳೆಯಿರಿ. ಮೊದಲ ಕ್ಲಿಕ್‌ಗೇ ನಿಲ್ಲಿಸಿ. ಗ್ಯಾರಂಟಿಗೆ ಇರಲಿ ಎಂದು ಇನ್ನೊಂದು ಸಲ ಕ್ಲಿಕ್ ಮಾಡುವ ಅಭ್ಯಾಸ ಬೋಲ್ಟನ್ನು ಮತ್ತಷ್ಟು ಬಿಗಿ ಮಾಡುತ್ತದೆ. ಕಡಿಮೆ ಅಂಕಿಗಳಲ್ಲಿ ಕ್ಲಿಕ್ ಬಹಳ ಮೆಲ್ಲಗೆ ಬರುತ್ತದೆ, ಗದ್ದಲದಲ್ಲಿ ಕೇಳಿಸದು. ಕಿವಿಗಿಂತ ಅಂಗೈಯನ್ನು ನಂಬಿ.

ಬೋಲ್ಟ್ ಚಲಿಸುತ್ತಿರುವಾಗಲೇ ಕ್ಲಿಕ್ ಬರಬೇಕು. ಮೊದಲೇ ಬಿಗಿಯಾಗಿ ನಿಂತ ಬೋಲ್ಟ್‌ಗೆ ರೆಂಚ್ ಇಟ್ಟರೆ ಅದು ಮಿಸುಕುವ ಮೊದಲೇ ಕ್ಲಿಕ್ ಬರಬಹುದು. ಅದರಿಂದ ಏನೂ ತಿಳಿಯಲಿಲ್ಲ. ಅರ್ಧ ಸುತ್ತು ಸಡಿಲಿಸಿ ಮತ್ತೆ ಬಿಗಿ ಮಾಡಿ. ಹಲವು ಬೋಲ್ಟ್‌ಗಳಿರುವ ಕಡೆ ಎದುರುಬದುರಾಗಿ, ಮೊದಲು ಅರ್ಧಕ್ಕೆ, ಆಮೇಲೆ ಮುಕ್ಕಾಲಿಗೆ, ಕೊನೆಗೆ ಪೂರ್ತಿಗೆ. ಹೆಚ್ಚಿನ ಕ್ಲಿಕ್ ರೆಂಚ್‌ಗಳು ಬಲಕ್ಕೆ ಮಾತ್ರ ಅಳೆಯುತ್ತವೆ. ಎಡ ಥ್ರೆಡ್ಡಿನ ಬೋಲ್ಟ್‌ಗೆ ಬಾಣದ ಗುರುತು ನೋಡಿಕೊಳ್ಳಿ.

ಎಣ್ಣೆಯ ವಿಚಾರ ಸಣ್ಣದೆನಿಸುತ್ತದೆ, ಆದರೆ ರೆಂಚ್‌ನ ಶೇ 4ರ ತಪ್ಪು ಅದರ ಮುಂದೆ ಏನೂ ಅಲ್ಲ. ನಾವು ಹಾಕುವ ಟಾರ್ಕ್‌ನ ಬಹುಪಾಲು ಬೋಲ್ಟ್ ತಲೆಯ ಕೆಳಗೂ ಥ್ರೆಡ್‌ನಲ್ಲೂ ಉಜ್ಜಾಟಕ್ಕೇ ಹೋಗುತ್ತದೆ, ಬೋಲ್ಟನ್ನು ಎಳೆದು ಬಿಗಿ ಮಾಡುವುದು ಸುಮಾರು ಹತ್ತನೇ ಒಂದು ಭಾಗ. 8.8 ದರ್ಜೆಯ (ಉಕ್ಕಿನ ಬಲದ ಗುರುತು) ಎಂ10, ಅಂದರೆ 10 ಮಿ.ಮೀ. ದಪ್ಪದ ಬೋಲ್ಟ್‌ಗೆ 50 ನ್ಯೂಟನ್ ಮೀಟರ್ ಹಾಕಿದರೆ, ಒಣ ಥ್ರೆಡ್‌ನಲ್ಲಿ ಟಾರ್ಕ್ ಗುಣಾಂಕ (ಟಾರ್ಕನ್ನು ಬೋಲ್ಟ್‌ನ ದಪ್ಪ, ಎಳೆತಗಳಿಗೆ ಜೋಡಿಸುವ ಸಂಖ್ಯೆ) 0.2 ಎಂದು ಹಿಡಿದರೆ ಬೋಲ್ಟ್‌ನ ಎಳೆತ ಸುಮಾರು 25,000 ನ್ಯೂಟನ್. ಎಣ್ಣೆ ಸವರಿ ಗುಣಾಂಕ 0.15ಕ್ಕೆ ಇಳಿದರೆ ಅದೇ 50ಕ್ಕೆ ಎಳೆತ 33,300. ಆ ಬೋಲ್ಟ್‌ನ ಪ್ರೂಫ್ ಲೋಡ್ (ಶಾಶ್ವತವಾಗಿ ಹಿಗ್ಗದೆ ಅದು ತಾಳಬಲ್ಲ ಎಳೆತ) 33,700. ರೆಂಚ್ ಸರಿಯಾದ ಜಾಗದಲ್ಲೇ ಕ್ಲಿಕ್ ಅಂದಿದೆ, ಬೋಲ್ಟ್ ಮಾತ್ರ ಅಂಚಿಗೆ ಬಂದು ನಿಂತಿದೆ. ಕೈಪಿಡಿ ಒಣ ಎಂದರೆ ಒಣಗಿಸಿ ಒರೆಸಿ, ಎಣ್ಣೆ ಎಂದರೆ ಎಣ್ಣೆ ಹಾಕಿ.

ಸಾಕೆಟ್‌ಗೆ ನೇರ ಎಕ್ಸ್‌ಟೆನ್ಷನ್ ಸೇರಿಸಿದರೆ ಲೆಕ್ಕ ಬದಲಾಗುವುದಿಲ್ಲ. ಕ್ರೋ ಫೂಟ್‌ನಂತೆ ರೆಂಚ್‌ನ ಉದ್ದವನ್ನೇ ಬೆಳೆಸುವ ತಲೆ ಹಾಕಿದರೆ ಬದಲಾಗುತ್ತದೆ: ರೆಂಚ್‌ನ ಉದ್ದ 400 ಮಿ.ಮೀ., ಕ್ರೋ ಫೂಟ್ 50 ಮಿ.ಮೀ., ಬೇಕಾದ್ದು 90 ಆದರೆ 90 × 400 ÷ 450, ಅಂದರೆ 80ಕ್ಕೆ ಇಡಬೇಕು. ಅದನ್ನೇ ರೆಂಚ್‌ಗೆ ಲಂಬವಾಗಿ ತಿರುಗಿಸಿ ಹಾಕಿದರೆ ತಿದ್ದುಪಡಿ ಬೇಡ.

ಕೆಲಸ ಮುಗಿದೊಡನೆ ಸ್ಪ್ರಿಂಗ್ ಇರುವ ಕ್ಲಿಕ್ ರೆಂಚನ್ನು ಪಟ್ಟಿಯ ಅತಿ ಕಡಿಮೆ ಅಂಕಿಗೆ ಇಳಿಸಿ. ಅದಕ್ಕೂ ಕೆಳಗೆ, ಹಿಡಿ ಸಡಿಲವಾಗುವವರೆಗೆ ತಿರುಗಿಸಬೇಡಿ, ಒಳಗಿನ ಕಟ್ಟೆ ಜಾಗ ಬಿಟ್ಟು ಸರಿಯಬಹುದು. ನೆಲಕ್ಕೆ ಬಿದ್ದರೆ ಮತ್ತೆ ಬಕೆಟ್ ಕಟ್ಟುವವರೆಗೆ ಅದನ್ನು ಬೇರೆ ಇಡಿ. ಪೆಟ್ಟಿಗೆಯೊಳಗಿನ ಚೀಟಿಯಲ್ಲಿ ಪರೀಕ್ಷೆ ಮಾಡಿದ ದಿನಾಂಕ, ಇಟ್ಟ ಅಂಕಿ, ನಿಜವಾಗಿ ಬಂದ ಅಂಕಿ, ಹಗ್ಗ ಕಟ್ಟಿದ ದೂರ, ಈ ನಾಲ್ಕೂ ಇರಲಿ. ಮುಂದಿನ ವರ್ಷದ ಐದು ತೂಕಗಳನ್ನು ಅದರ ಪಕ್ಕದಲ್ಲೇ ಬರೆಯಲು ಜಾಗ ಬಿಡಿ.